ಡೊಮೇನ್ ಹೆಸರುಗಳಿಗೆ ಗಿರಾಕಿ ಕಡಿಮೆಯಾದಾಗ: ಇಟ್ಟುಕೊಳ್ಳುವುದು, ಬಿಡುವುದು, ಮಾರುವುದು, ಕೊಳ್ಳುವುದು

ಡೊಮೇನ್ ಹೆಸರುಗಳನ್ನು, ಅಂದರೆ ಜಾಲತಾಣಗಳ ವಿಳಾಸವಾಗುವ ಹೆಸರುಗಳನ್ನು, ಕೊಂಡಿಟ್ಟುಕೊಂಡು ಮಾರುವವರಿಗೆ ಕಳೆದ ಕೆಲವು ವರ್ಷಗಳು ಅನುಕೂಲಕರವಾಗಿರಲಿಲ್ಲ. ಡಾಟ್ ಕಾಮ್ ಮತ್ತು ಡಾಟ್ ನೆಟ್ ನೋಂದಣಿಯನ್ನು ನಿರ್ವಹಿಸುವ ವೆರಿಸೈನ್ ಕಂಪನಿಯ ಲೆಕ್ಕದಂತೆ, ಈ ಎರಡೂ ವಿಸ್ತರಣೆಗಳಲ್ಲಿ 2023ರ ಕೊನೆಗೆ 17.27 ಕೋಟಿ ಹೆಸರುಗಳಿದ್ದವು. 2024ರ ಕೊನೆಗೆ ಅವು 16.9 ಕೋಟಿಗೆ ಇಳಿದವು. 2025ರಲ್ಲಿ ಸಂಖ್ಯೆ ತುಸು ಚೇತರಿಸಿಕೊಂಡಿತಾದರೂ, ಹೊಸ ಹೆಸರುಗಳ ನೋಂದಣಿ ಹೆಚ್ಚಾದ ಮಾತ್ರಕ್ಕೆ ಹಳೆಯ ಹೆಸರುಗಳಿಗೆ ಗಿರಾಕಿ ಸಿಗುತ್ತಾನೆ ಎಂದು ಹೇಳಲಾಗದು. ಇದರ ನಡುವೆ ಡಾಟ್ ಕಾಮ್‌ನ ಸಗಟು ದರ ಮಾತ್ರ ಏರುತ್ತಲೇ ಹೋಯಿತು: 2021ರ ಆಗಸ್ಟ್‌ವರೆಗೆ ವರ್ಷಕ್ಕೆ 7.85 ಡಾಲರ್ ಇದ್ದದ್ದು 2024ರ ಸೆಪ್ಟೆಂಬರ್‌ನಲ್ಲಿ 10.26 ಡಾಲರ್ ಆಯಿತು. ಅದರ ಮೇಲೆ ರಿಜಿಸ್ಟ್ರಾರ್‌ನ, ಅಂದರೆ ಹೆಸರನ್ನು ನಮಗೆ ನೋಂದಾಯಿಸಿಕೊಡುವ ಕಂಪನಿಯ ಲಾಭ, ಶೇಕಡಾ 18ರ ಜಿಎಸ್‌ಟಿ ಮತ್ತು ರೂಪಾಯಿಯ ಕುಸಿತ ಸೇರಿಕೊಳ್ಳುತ್ತವೆ. ಆದ್ದರಿಂದ ಮಂದಗತಿಯ ಮಾರುಕಟ್ಟೆಯಲ್ಲಿ ಮೊದಲು ಮಾಡಬೇಕಾದ ಕೆಲಸವೆಂದರೆ, ಯಾವ ಹೆಸರು ಎಷ್ಟಕ್ಕೆ ಹೋದೀತು ಎಂದು ಕನಸು ಕಾಣುವುದನ್ನು ಬಿಟ್ಟು, ಎಲ್ಲ ಹೆಸರುಗಳನ್ನೂ ಒಂದು ವರ್ಷ ಇಟ್ಟುಕೊಳ್ಳಲು ತಗಲುವ ಖರ್ಚನ್ನು ಲೆಕ್ಕ ಹಾಕುವುದು.

ಲೆಕ್ಕ ಹೀಗಿರಲಿ. ನಿಮ್ಮ ಬಳಿ 200 ಹೆಸರುಗಳಿವೆ, ತೆರಿಗೆ ಸೇರಿ ತಲಾ ನವೀಕರಣಕ್ಕೆ 1,200 ರೂಪಾಯಿ ಬೀಳುತ್ತದೆ ಎಂದುಕೊಳ್ಳಿ. ವರ್ಷದ ಖರ್ಚು 2.4 ಲಕ್ಷ ರೂಪಾಯಿ. ಈ ವ್ಯವಹಾರದಲ್ಲಿರುವವರು ವರ್ಷಕ್ಕೆ ನೂರರಲ್ಲಿ ಒಂದೋ ಎರಡೋ ಹೆಸರು ಮಾರಾಟವಾಗುವುದನ್ನೇ ಸಾಮಾನ್ಯವೆಂದು ಪರಿಗಣಿಸುತ್ತಾರೆ. ನೂರಕ್ಕೆ ಒಂದರಂತೆ ಎರಡು ಹೆಸರುಗಳು ಹೋದವು, ಮಾರಾಟ ತಾಣವು ಶೇಕಡಾ 20ರಷ್ಟು ಕಮಿಷನ್ ಹಿಡಿದುಕೊಂಡಿತು ಎನ್ನೋಣ. ಆಗ ಪ್ರತಿ ಹೆಸರೂ 1.5 ಲಕ್ಷಕ್ಕೆ ಮಾರಾಟವಾದರೆ ಮಾತ್ರ ಹಾಕಿದ ಹಣ ಕೈಗೆ ಬರುತ್ತದೆ, ಲಾಭದ ಮಾತು ಅನಂತರದ್ದು. ಈ ಹೆಸರುಗಳನ್ನು ಮೊದಲು ಕೊಂಡಾಗ ಕೊಟ್ಟ ಹಣವನ್ನು ಇಲ್ಲಿ ಸೇರಿಸಿಯೇ ಇಲ್ಲ. ಚಾಟ್ ಡಾಟ್ ಕಾಮ್ 2023ರಲ್ಲಿ 1.55 ಕೋಟಿ ಡಾಲರ್‌ಗೆ ಹೋಯಿತು, ವಾಯ್ಸ್ ಡಾಟ್ ಕಾಮ್ 2019ರಲ್ಲಿ 3 ಕೋಟಿ ಡಾಲರ್‌ಗೆ ಹೋಯಿತು ಎಂಬ ಸುದ್ದಿಗಳನ್ನು ಓದಿ ಈ ವ್ಯವಹಾರಕ್ಕೆ ಇಳಿದವರು ಈ ಚಿಕ್ಕ ಲೆಕ್ಕವನ್ನು ಹಾಕಿರುವುದು ಕಡಿಮೆ.

ಲೆಕ್ಕ ಮುಗಿದ ಮೇಲೆ ಪಟ್ಟಿಯನ್ನು ಜರಡಿ ಹಿಡಿಯಬೇಕು. ಪ್ರತಿ ಹೆಸರಿಗೂ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಿ: ಕಳೆದ ಎರಡು ವರ್ಷಗಳಲ್ಲಿ ಯಾರಾದರೂ ಇದರ ಬೆಲೆ ವಿಚಾರಿಸಿದ್ದಾರೆಯೇ, ಇದನ್ನು ಕೊಳ್ಳಬಲ್ಲ ಕನಿಷ್ಠ ಹತ್ತು ವ್ಯಾಪಾರ ಸಂಸ್ಥೆಗಳು ಕಣ್ಣೆದುರಿಗೆ ಇವೆಯೇ, ಫೋನಿನಲ್ಲಿ ಒಮ್ಮೆ ಹೇಳಿದರೆ ಕೇಳಿದವರು ತಪ್ಪಿಲ್ಲದೆ ಟೈಪ್ ಮಾಡಬಲ್ಲರೇ. ಕನ್ನಡ ಪದಗಳನ್ನು ರೋಮನ್ ಲಿಪಿಯಲ್ಲಿ ಬರೆದ ಹೆಸರುಗಳು ಹೆಚ್ಚಾಗಿ ಮೂರನೆಯ ಪ್ರಶ್ನೆಯಲ್ಲಿ ಮುಗ್ಗರಿಸುತ್ತವೆ. ಊಟ ಎಂಬುದನ್ನು ಎರಡು ‘ಒ’ ಹಾಕಿ ಬರೆಯುವವರೂ ಇದ್ದಾರೆ, ಒಂದು ‘ಯು’ ಹಾಕಿ ಬರೆಯುವವರೂ ಇದ್ದಾರೆ. ಒಂದು ರೂಪ ನಿಮ್ಮ ಬಳಿ ಇದ್ದು ಇನ್ನೊಂದು ಬೇರೆಯವರ ಬಳಿ ಇದ್ದರೆ ಕೊಳ್ಳುವವರು ಹಿಂಜರಿಯುವುದು ಸಹಜ. ಕನ್ನಡ ಲಿಪಿಯಲ್ಲೇ ಇರುವ ಡಾಟ್ ಭಾರತ ಹೆಸರುಗಳನ್ನು ಅಭಿಮಾನದಿಂದ ಬಳಸಲು ಕೊಳ್ಳಿರಿ. ಮರುಮಾರಾಟದ ಆಸೆಯಿಂದ ಈಗ ಕೊಳ್ಳುವುದು ನನ್ನ ಮಟ್ಟಿಗೆ ಸಲಹೆ ಕೊಡಬಹುದಾದ ಕೆಲಸವಲ್ಲ. ಡಾಟ್ ಎಐ ಹೆಸರುಗಳಿಗೆ ಈಗ ಬೇಡಿಕೆ ಇರುವುದು ನಿಜ, ಅವುಗಳ ಒಡೆತನವಿರುವ ಅಂಗ್ವಿಲಾ ಎಂಬ ಪುಟ್ಟ ದ್ವೀಪದ ಸರ್ಕಾರಕ್ಕೆ ಅದೇ ದೊಡ್ಡ ಆದಾಯವಾಗಿರುವುದೂ ನಿಜ. ಆದರೆ ಅವನ್ನು ಒಮ್ಮೆಗೆ ಕನಿಷ್ಠ ಎರಡು ವರ್ಷಕ್ಕೆ ನೋಂದಾಯಿಸಬೇಕು, ಶುಲ್ಕವೂ ಡಾಟ್ ಕಾಮ್‌ಗಿಂತ ಹಲವು ಪಟ್ಟು ಹೆಚ್ಚು. ಇಟ್ಟುಕೊಳ್ಳುವ ಖರ್ಚು ಅಷ್ಟಿರುವಾಗ ಅಲ್ಲಿ ತಪ್ಪು ಆಯ್ಕೆಗೆ ಬೆಲೆ ಹೆಚ್ಚು.

ಬಿಡಬೇಕೆಂದು ನಿರ್ಧರಿಸಿದ ಹೆಸರಿನ ತನ್ನಿಂತಾನೇ ನವೀಕರಣವಾಗುವ ವ್ಯವಸ್ಥೆಯನ್ನು ಅವಧಿ ಮುಗಿಯುವ ಒಂದು ತಿಂಗಳ ಮೊದಲೇ ನಿಲ್ಲಿಸಿ, ಆ ತಿಂಗಳಲ್ಲಿ ಕಡಿಮೆ ಬೆಲೆಗೆ ಸಗಟು ಕೊಳ್ಳುವವರಿಗೆ ತೋರಿಸಿ ನೋಡಬಹುದು. ಅವಧಿ ಮುಗಿದ ಮೇಲೆ ಡಾಟ್ ಕಾಮ್‌ನಂಥ ಹೆಸರುಗಳಿಗೆ ರಿಜಿಸ್ಟ್ರಾರ್‌ಗಳು ನವೀಕರಿಸಿಕೊಳ್ಳಲು ಹೆಚ್ಚೆಂದರೆ 45 ದಿನಗಳ ಹೆಚ್ಚುವರಿ ಕಾಲಾವಕಾಶ ಕೊಡಬಲ್ಲರು. ಎಲ್ಲರೂ ಅಷ್ಟು ಕೊಡುವುದಿಲ್ಲ, ಕೆಲವರು ಈ ಅವಧಿಯಲ್ಲೇ ಹೆಸರನ್ನು ಹರಾಜಿಗೆ ಇಡುತ್ತಾರೆ. ಅಲ್ಲಿಂದ ಮುಂದೆ 30 ದಿನಗಳ ಕಾಲ ದುಬಾರಿ ದಂಡ ಕಟ್ಟಿ ಹಿಂಪಡೆಯಲು ಅವಕಾಶವಿರುತ್ತದೆ, ಕೊನೆಯ 5 ದಿನಗಳಲ್ಲಿ ಯಾರೂ ಏನೂ ಮಾಡಲಾಗದು, ಅನಂತರ ಹೆಸರು ಎಲ್ಲರಿಗೂ ಮುಕ್ತವಾಗುತ್ತದೆ. ಬಿಡುವ ಮೊದಲು ಒಂದು ವಿಷಯವನ್ನು ತಪ್ಪದೆ ಪರೀಕ್ಷಿಸಿ: ಆ ಡೊಮೇನಿನ ಇಮೇಲ್ ವಿಳಾಸವನ್ನು ಬ್ಯಾಂಕಿಗೋ ಬೇರೆ ಯಾವುದೇ ಖಾತೆಗೋ ಎಂದಾದರೂ ಕೊಟ್ಟಿದ್ದರೆ, ನಾಳೆ ಆ ಹೆಸರನ್ನು ಕೊಂಡವರು ಅದೇ ವಿಳಾಸವನ್ನು ಮರುಸೃಷ್ಟಿಸಿ ಪಾಸ್‌ವರ್ಡ್ ಬದಲಿಸುವ ಕೊಂಡಿಯನ್ನು ತಮ್ಮ ಕೈಗೆ ತರಿಸಿಕೊಳ್ಳಬಹುದು.

ಉಳಿಸಿಕೊಂಡ ಹೆಸರುಗಳಿಗೆ ಬೆಲೆ ನಮೂದಿಸಿ. ಬೇಡಿಕೆ ಜೋರಾಗಿದ್ದಾಗ ‘ಬೆಲೆಗಾಗಿ ಸಂಪರ್ಕಿಸಿ’ ಎಂದು ಬರೆದಿಟ್ಟರೂ ನಡೆಯುತ್ತದೆ. ಮಂದವಾಗಿರುವಾಗ ಬೆಲೆ ಕಾಣದ ಗಿರಾಕಿ ಬೇರೊಂದು ಹೆಸರಿನತ್ತ ಹೊರಟುಬಿಡುತ್ತಾನೆ. ಹಿಂದಿನ ಮಾರಾಟಗಳ ದಾಖಲೆ ನೇಮ್‌ಬಯೋ ಎಂಬ ತಾಣದಲ್ಲಿ ಸಿಗುತ್ತದೆ. ಅಲ್ಲಿ ನಿಮ್ಮ ಹೆಸರನ್ನು ಹೋಲುವ, ಅದೇ ವಿಸ್ತರಣೆಯ, ಈಚಿನ ಎರಡು ವರ್ಷಗಳ ಮಾರಾಟಗಳನ್ನಷ್ಟೇ ನೋಡಿ. 2015-16ರಲ್ಲಿ ಚೀನಾದ ಹೂಡಿಕೆದಾರರು ಮುಗಿಬಿದ್ದು ಏರಿಸಿದ ನಾಲ್ಕಕ್ಷರದ ಹೆಸರುಗಳ ಬೆಲೆಯನ್ನು ಇಂದಿಗೂ ಆಧಾರವಾಗಿ ಹಿಡಿದು ಕುಳಿತವರಿದ್ದಾರೆ. ಆ ಬೆಲೆಗಳು ಕೆಲವೇ ತಿಂಗಳಲ್ಲಿ ಇಳಿದಿದ್ದವು. ಆಫ್ಟರ್ನಿಕ್, ಸೆಡೊ ಮುಂತಾದ ತಾಣಗಳಲ್ಲಿ ಹೆಸರನ್ನು ಪಟ್ಟಿಮಾಡುವುದರ ಜೊತೆಗೆ, ಆ ಹೆಸರನ್ನೇ ಟೈಪ್ ಮಾಡಿದವರಿಗೆ ಮಾರಾಟದ ಪುಟ ತೆರೆದುಕೊಳ್ಳುವಂತೆ, ಹೆಸರು ಯಾವ ತಾಣಕ್ಕೆ ಹೋಗಬೇಕೆಂದು ತಿಳಿಸುವ ನೇಮ್‌ಸರ್ವರ್ ಬದಲಿಸಿ. ಕಂತಿನಲ್ಲಿ ಹಣ ಪಡೆಯುವ ಸೌಲಭ್ಯವನ್ನು ನಾನು ಬಲವಾಗಿ ಶಿಫಾರಸು ಮಾಡುತ್ತೇನೆ, ಏಕೆಂದರೆ ಒಮ್ಮೆಗೆ ಎರಡು ಲಕ್ಷ ಕೊಡಲಾರದ ಸಣ್ಣ ಉದ್ಯಮಿ ತಿಂಗಳಿಗೆ ಹತ್ತು ಸಾವಿರದಂತೆ ಕೊಡಬಲ್ಲ, ಪೂರ್ತಿ ಹಣ ಸಂದಾಯವಾಗುವವರೆಗೆ ಹೆಸರು ಮಧ್ಯವರ್ತಿಯ ವಶದಲ್ಲೇ ಇರುತ್ತದೆ.

ಗಿರಾಕಿ ಇಲ್ಲವೆಂದು ಕಂಪನಿಗಳ ಬೆನ್ನು ಹತ್ತುವ ಮುನ್ನ ಕಾನೂನನ್ನು ತಿಳಿದಿರಬೇಕು. ಸತ್ಯಂ ಇನ್ಫೋವೇ ಮತ್ತು ಸಿಫಿನೆಟ್ ಕಂಪನಿಗಳ ನಡುವಿನ ಮೊಕದ್ದಮೆ ಬೆಂಗಳೂರಿನ ಸಿಟಿ ಸಿವಿಲ್ ನ್ಯಾಯಾಲಯದಲ್ಲಿ ಶುರುವಾಗಿ, ಕರ್ನಾಟಕ ಹೈಕೋರ್ಟಿನ ಮೂಲಕ ಸುಪ್ರೀಂ ಕೋರ್ಟ್ ತಲುಪಿ, ಟ್ರೇಡ್‌ಮಾರ್ಕಿಗಿರುವ ರಕ್ಷಣೆಯ ತತ್ತ್ವಗಳು ಡೊಮೇನ್ ಹೆಸರಿಗೂ ಅನ್ವಯವಾಗುತ್ತವೆ ಎಂಬ ತೀರ್ಪು 2004ರಲ್ಲಿ ಹೊರಬಿತ್ತು. ಡಾಟ್ ಇನ್ ಹೆಸರುಗಳ ವಿವಾದ ನೀತಿಯಲ್ಲಿ, ದುರುದ್ದೇಶದಿಂದ ನೋಂದಾಯಿಸಿದ್ದರೆ ಅಥವಾ ಬಳಸುತ್ತಿದ್ದರೆ, ಎರಡರಲ್ಲಿ ಒಂದು ಸಾಬೀತಾದರೂ ಸಾಕು. ಡಾಟ್ ಕಾಮ್‌ಗೆ ಅನ್ವಯವಾಗುವ, ಡೊಮೇನ್ ಹೆಸರುಗಳ ಅಂತರರಾಷ್ಟ್ರೀಯ ಸಂಸ್ಥೆಯಾದ ಐಕ್ಯಾನ್‌ನ ನೀತಿಯಲ್ಲಿ ಎರಡೂ ಸಾಬೀತಾಗಬೇಕು. 2024ರಲ್ಲಿ ದೆಹಲಿಯ ಯುವ ಡೆವಲಪರ್ ಒಬ್ಬರು ಎರಡು ಕಂಪನಿಗಳು ಒಂದಾಗಬಹುದೆಂದು ಊಹಿಸಿ ಮೊದಲೇ ಕೊಂಡಿಟ್ಟಿದ್ದ ಜಿಯೋಹಾಟ್‌ಸ್ಟಾರ್ ಡಾಟ್ ಕಾಮ್ ಹೆಸರಿಗೆ ಪ್ರತಿಯಾಗಿ ತಮ್ಮ ವಿದೇಶಿ ವ್ಯಾಸಂಗದ ಶುಲ್ಕವನ್ನು ಬಹಿರಂಗವಾಗಿ ಕೇಳಿದ್ದರು. ಜನರಿಗೆ ಅದು ಜಾಣತನವಾಗಿ ಕಂಡಿತು. ಆದರೆ ಇನ್ನೊಬ್ಬರ ಟ್ರೇಡ್‌ಮಾರ್ಕ್ ಹೆಸರನ್ನು ಹಿಡಿದಿಟ್ಟು, ಆ ಟ್ರೇಡ್‌ಮಾರ್ಕಿನ ಒಡೆಯನಿಗೇ ಬೆಲೆ ಹೇಳುವುದು ದುರುದ್ದೇಶಕ್ಕೆ ಪಾಠಪುಸ್ತಕದಲ್ಲಿ ಕೊಡಬಹುದಾದ ಉದಾಹರಣೆ. ಯಾರಿಗೇ ಪತ್ರ ಬರೆಯುವುದಿದ್ದರೂ ಸಾಮಾನ್ಯ ಪದಗಳಿಂದಾದ ಹೆಸರುಗಳ ಬಗ್ಗೆ ಮಾತ್ರ ಬರೆಯಿರಿ.

ಕೊಳ್ಳುವವರಿಗೆ ಈಗ ಒಳ್ಳೆಯ ಕಾಲ, ಆತುರಪಡದಿದ್ದರೆ. ಹೆಸರಿನ ಹಿಂದಿನ ಜನ್ಮವನ್ನು ಹಳೆಯ ಜಾಲಪುಟಗಳನ್ನು ಕಾಪಿಟ್ಟಿರುವ ವೇಬ್ಯಾಕ್ ಮಷೀನ್ ತಾಣದಲ್ಲಿ ನೋಡಿ. ಜೂಜು ಅಥವಾ ಸ್ಪ್ಯಾಮ್‌ಗೆ ಬಳಕೆಯಾಗಿದ್ದರೆ ನಿಮ್ಮ ಇಮೇಲ್‌ಗಳು ಗಿರಾಕಿಯ ಇನ್‌ಬಾಕ್ಸ್ ಮುಟ್ಟುವುದೇ ಕಷ್ಟವಾಗಬಹುದು. ಭಾರತೀಯ ಟ್ರೇಡ್‌ಮಾರ್ಕ್ ನೋಂದಣಿಯ ಸಾರ್ವಜನಿಕ ಹುಡುಕಾಟದಲ್ಲಿ ಆ ಪದವನ್ನು ಪರಿಶೀಲಿಸಿ. ಮಾರುವವರು ಕೆಲವೊಮ್ಮೆ ಎದುರಿಸುವ ಒಂದು ಮೋಸವೂ ಗೊತ್ತಿರಲಿ: ‘ನಿಮ್ಮ ಹೆಸರಿಗೆ ಹತ್ತು ಲಕ್ಷ ಕೊಡುತ್ತೇನೆ, ಆದರೆ ಈ ತಾಣದಿಂದಲೇ ಮೌಲ್ಯಮಾಪನ ಪ್ರಮಾಣಪತ್ರ ತನ್ನಿ’ ಎಂಬ ಇಮೇಲ್ ಬಂದರೆ, ಆ ಪ್ರಮಾಣಪತ್ರದ ಶುಲ್ಕವನ್ನು ಜೇಬಿಗೆ ಹಾಕಿಕೊಳ್ಳುವುದಷ್ಟೇ ಕಳುಹಿಸಿದವನ ಉದ್ದೇಶ.

ಹಣ ಕೈಬದಲಿಸುವಾಗ ಎಸ್ಕ್ರೋ ಸೇವೆಯನ್ನು ಬಳಸಿ, ಮೊತ್ತ ಸಣ್ಣದಾಗಿದ್ದರೂ ಸರಿ. ಕೊಳ್ಳುವವರು ಹಣವನ್ನು ಮಧ್ಯವರ್ತಿಯಲ್ಲಿ ಇಡುತ್ತಾರೆ. ಹಣ ಬಂದಿದೆ ಎಂಬ ಸೂಚನೆಯನ್ನು ಮಾರುವವರು ಎಸ್ಕ್ರೋ ತಾಣದೊಳಗೆ ಲಾಗಿನ್ ಆಗಿಯೇ ಖಚಿತಪಡಿಸಿಕೊಳ್ಳಬೇಕು, ಏಕೆಂದರೆ ಅಂಥ ಇಮೇಲನ್ನು ನಕಲು ಮಾಡುವುದು ಸುಲಭ. ಆಮೇಲೆ ವರ್ಗಾವಣೆಯ ಲಾಕ್ ತೆಗೆದು, ಹೆಸರನ್ನು ಬೇರೆ ರಿಜಿಸ್ಟ್ರಾರ್‌ಗೆ ಒಯ್ಯಲು ಬೇಕಾದ ಗುಪ್ತಸಂಕೇತವಾದ ಆಥ್ ಕೋಡ್ ಕೊಡಬೇಕು. ಇಬ್ಬರ ಖಾತೆಯೂ ಒಂದೇ ರಿಜಿಸ್ಟ್ರಾರ್ ಬಳಿ ಇದ್ದರೆ ಒಳಗೊಳಗೇ ಖಾತೆಯಿಂದ ಖಾತೆಗೆ ಸಾಗಿಸಬಹುದು, ಹೊಸದಾಗಿ ನೋಂದಾಯಿಸಿದ ಹೆಸರನ್ನು 60 ದಿನಗಳವರೆಗೆ ಬೇರೆ ರಿಜಿಸ್ಟ್ರಾರ್‌ಗೆ ಒಯ್ಯಲಾಗದ ತೊಡಕೂ ಆಗ ಅಡ್ಡ ಬರುವುದಿಲ್ಲ. ಹೆಸರು ತಮ್ಮ ಸ್ವಂತ ಖಾತೆಯಲ್ಲಿ ಕಾಣಿಸಿಕೊಂಡು, ನೇಮ್‌ಸರ್ವರ್ ಬದಲಿಸಲು ಸಾಧ್ಯವಾದ ಮೇಲಷ್ಟೇ ಕೊಂಡವರು ಹಣ ಬಿಡುಗಡೆಗೆ ಒಪ್ಪಿಗೆ ಕೊಡಬೇಕು. ಕೂಡಲೇ ಲಾಕ್ ಹಾಕಿ, ಎರಡು ಹಂತದ ದೃಢೀಕರಣ ಜಾರಿಗೊಳಿಸಿ, ಅವಧಿ ಮುಗಿಯುವ ದಿನಾಂಕವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಬೇಕು.