ಹವ್ಯಾಸಿ ಖಗೋಳ ವೀಕ್ಷಕರಿಗೆ ಮನ್ನಣೆ ಬೇಕೆ? ಮೊದಲು ಲೆಕ್ಕ ಸರಿಯಾಗಿ ಬರೆಯಿರಿ

ಧೂಮಕೇತು ಪತ್ತೆಹಚ್ಚಿದ ಹವ್ಯಾಸಿಗಳಿಗೆಂದೇ ಎಡ್ಗರ್ ವಿಲ್ಸನ್ ಪ್ರಶಸ್ತಿ ಇದೆ. ಆದರೆ ಮೈಸೂರಿನ ತಾರಸಿಯಿಂದ ಧೂಮಕೇತು ಹುಡುಕಹೊರಡುವುದು ದಂಡ. ಸ್ವಯಂಚಾಲಿತ ದೂರದರ್ಶಕಗಳು ಮೊದಲೇ ಹಿಡಿದಿರುತ್ತವೆ. ನಮ್ಮ ಕೈಗೆಟುಕುವ ದಾರಿ ಬೆಳಕು ಏರಿಳಿಯುವ ವೇರಿಯಬಲ್ ನಕ್ಷತ್ರಗಳದ್ದು. 1911ರಲ್ಲಿ ಹುಟ್ಟಿದ ಅಮೆರಿಕದ ಎಎವಿಎಸ್‌ಒ ಎಂಬ ವೇರಿಯಬಲ್ ನಕ್ಷತ್ರ ವೀಕ್ಷಕರ ಸಂಸ್ಥೆ ವೀಕ್ಷಕರು ಕಳಿಸಿದ ದಾಖಲೆಗಳನ್ನು ಎಣಿಸಿ, ಮೆಟ್ಟಿಲು ಮೆಟ್ಟಿಲಾಗಿ ಪ್ರಶಸ್ತಿ ಕೊಡುತ್ತದೆ. ಈಗ ಬಾಂಗ್ಲಾದೇಶದಲ್ಲಿರುವ ಜೆಸ್ಸೋರಿನ ಖಜಾನೆ ನೌಕರ ರಾಧಾಗೋವಿಂದ ಚಂದ್ರ ಅವರಿಗೆ ಇದೇ ಸಂಸ್ಥೆ 1926ರಲ್ಲಿ 6 ಇಂಚಿನ ದೂರದರ್ಶಕ ಕಳಿಸಿತು. 1928ರಲ್ಲಿ ಫ್ರೆಂಚ್ ಸರ್ಕಾರವೂ ಗೌರವಿಸಿತು. ಅವರ ಬಂಡವಾಳ ಸಾವಿರಾರು ರಾತ್ರಿಗಳ ಲೆಕ್ಕ.

1. ಎಎವಿಎಸ್‌ಒದಿಂದ ವೀಕ್ಷಕ ಸಂಕೇತ ಪಡೆಯಿರಿ. ಉಚಿತ, ಸದಸ್ಯತ್ವ ಬೇಕಿಲ್ಲ.

2. ಆರ್ದ್ರಾ ನಕ್ಷತ್ರಕ್ಕೆ ಬರಿಗಣ್ಣು ಸಾಕು. ಮೀರಾ, ಆರ್ ಲಿಯೋನಿಸ್‌ಗೆ 10×50 ಬೈನಾಕ್ಯುಲರ್ ಕೊಳ್ಳಿ. ಡಬ್ಬಿಯ ಮೇಲೆ ‘525 ಪಟ್ಟು’ ಎಂದು ಬರೆದಿರುವ 60 ಮಿ.ಮೀ. ದೂರದರ್ಶಕ ಬೇಡವೇ ಬೇಡ. ಆ ಗಾಜಿಗೆ 120 ಪಟ್ಟೇ ಹೆಚ್ಚು.

3. ಜಾಗ. ಮೇಲುಕೋಟೆಯ ಕತ್ತಲೆ ಚೆನ್ನ, ಆದರೆ ಅಲ್ಲಿಂದ ಮೈಸೂರಿನ ದೀಪಗಳ ಹೊಳಪು ನೇರ ದಕ್ಷಿಣಕ್ಕೆ ಬೀಳುತ್ತದೆ. ಎಲ್2 ಪಪ್ಪಿಸ್‌ನಂಥ ದಕ್ಷಿಣದ ನಕ್ಷತ್ರ ಬೇಕಿದ್ದರೆ ನಂಜನಗೂಡು ದಾಟಿ ಹೋಗಿ. ಅದು ನಮಗೆ ಸುಮಾರು 33 ಡಿಗ್ರಿ ಎತ್ತರಕ್ಕೆ ಏರುತ್ತದೆ. ಯುರೋಪಿನ ಬಹುತೇಕರಿಗೆ ಕಾಣುವುದೇ ಇಲ್ಲ. ಹಾಗಾಗಿ ನಿಮ್ಮ ದಾಖಲೆಗೆ ಬೆಲೆ ಹೆಚ್ಚು.

4. ಕಾಂತಿಮಾನದ ಅಂದಾಜು. ಕಾಂತಿಮಾನ ಎಂದರೆ ಪ್ರಕಾಶದ ಅಳತೆ; ಅಂಕಿ ಹೆಚ್ಚಿದಷ್ಟೂ ನಕ್ಷತ್ರ ಮಂಕು. ಬಹುತೇಕರು ಎಡವುವುದು ಇಲ್ಲಿ. ಎಎವಿಎಸ್‌ಒ ನಕ್ಷೆಯಲ್ಲಿ ಹೋಲಿಕೆಯ (ಬೆಳಕು ಬದಲಾಗದ) ನಕ್ಷತ್ರಗಳ ಪಕ್ಕದ ಅಂಕಿಗೆ ದಶಾಂಶ ಬಿಂದು ಇರುವುದಿಲ್ಲ, ಬಿಂದು ಇಟ್ಟರೆ ಅದೂ ನಕ್ಷತ್ರದಂತೆ ಕಂಡೀತೆಂದು. 56 ಎಂದರೆ 5.6. ನಿಮ್ಮ ನಕ್ಷತ್ರಕ್ಕಿಂತ ತುಸು ಪ್ರಕಾಶಮಾನವಾದ ಒಂದು, ತುಸು ಮಂಕಾದ ಒಂದು ಆರಿಸಿ. ಎರಡರ ನಡುವೆ ಅರ್ಧ ಮಾನಕ್ಕಿಂತ ಹೆಚ್ಚು ಅಂತರ ಬೇಡ. 5.6 ಮತ್ತು 6.1ರ ನಡುವನ್ನು ಐದು ಪಾಲು ಮಾಡಿ: ಪ್ರಕಾಶದ ಕಡೆಯಿಂದ ಎರಡು ಪಾಲು ದೂರವಿದ್ದರೆ 5.8.

ಕೆಂಪು ನಕ್ಷತ್ರವನ್ನು ದಿಟ್ಟಿಸಬೇಡಿ. ದಿಟ್ಟಿಸಿದಷ್ಟೂ ಅದು ಕಣ್ಣಿಗೆ ಪ್ರಕಾಶಮಾನವಾಗುತ್ತಾ ಹೋಗುತ್ತದೆ, ಮೀರಾದಲ್ಲಂತೂ ಇದು ಖಚಿತ. ಚಕಚಕನೆ ಕಣ್ಣು ಹಾಯಿಸಿ, ಬೈನಾಕ್ಯುಲರ್ ಫೋಕಸ್ ಸ್ವಲ್ಪ ಕೆಡಿಸಿಕೊಳ್ಳಿ. ಹೋಲಿಸುವ ಎರಡು ನಕ್ಷತ್ರಗಳನ್ನು ಸೇರಿಸುವ ಗೆರೆ ನಿಮ್ಮ ಎರಡು ಕಣ್ಣುಗಳ ಗೆರೆಗೆ ಸಮಾನಾಂತರವಾಗುವಂತೆ ತಲೆ ವಾಲಿಸಿ. ಇಲ್ಲದಿದ್ದರೆ ಮೇಲಿನದು, ಕೆಳಗಿನದು ಎಂಬ ಕಾರಣಕ್ಕೇ ಅಂದಾಜು ತಪ್ಪುತ್ತದೆ. ಆರ್ದ್ರಾವನ್ನು ರೋಹಿಣಿಯೊಂದಿಗೆ (0.9) ಹೋಲಿಸುವಾಗ ಎರಡೂ ಒಂದೇ ಎತ್ತರಕ್ಕೆ ಬರುವವರೆಗೆ ಕಾಯಿರಿ. ಬೇರೆಯವರ ದಾಖಲೆ ಮೊದಲೇ ನೋಡುವುದು ಕಾಪಿ ಹೊಡೆದಂತೆ. ಕಣ್ಣು ಆ ಅಂಕಿಯನ್ನೇ ಕಾಣತೊಡಗುತ್ತದೆ.

5. ಸಮಯ. ಖಗೋಳಜ್ಞರು ದಿನಗಳನ್ನು ಎಡೆಬಿಡದೆ ಎಣಿಸುವ ಅಂಕಿ, ಅಂದರೆ ಜೂಲಿಯನ್ ದಿನ, ಬದಲಾಗುವುದು ನಮ್ಮ ಸಂಜೆ 5.30ಕ್ಕೆ, ಅಂದರೆ ಇಡೀ ರಾತ್ರಿ ಒಂದೇ ಅಂಕಿ. 5.30ರಿಂದ ಕಳೆದ ಗಂಟೆಗಳನ್ನು 24ರಿಂದ ಭಾಗಿಸಿ ದಶಾಂಶ ಸೇರಿಸಿ. 2026ರ ಜನವರಿ 15ರ ರಾತ್ರಿ 8.30 ಎಂದರೆ 2461056.125, ನಸುಕಿನ 2.30 ಎಂದರೆ 2461056.375. ಯೂನಿವರ್ಸಲ್ (ಗ್ರೀನಿಚ್) ಸಮಯದಲ್ಲಿ ಬರೆಯುವವರು ಮಧ್ಯರಾತ್ರಿ ಕಳೆದ ಮೇಲೂ ಬೆಳಗಿನ 5.30ರವರೆಗೆ ಹಿಂದಿನ ದಿನಾಂಕವನ್ನೇ ಹಾಕಬೇಕು. ಇದನ್ನು ಮರೆತರೆ ಒಂದು ಪೂರ್ತಿ ದಿನದ ತಪ್ಪು: 332 ದಿನಗಳಿಗೊಮ್ಮೆ ಏರಿಳಿಯುವ ಮೀರಾಕ್ಕೆ ನಡೆದೀತು, 2.87 ದಿನಗಳಿಗೊಮ್ಮೆ ಮಂಕಾಗುವ ಆಲ್ಗಾಲ್‌ಗೆ ದಾಖಲೆಯೇ ಹಾಳು.

6. ಕಳುಹಿಸುವಾಗ ಹೋಲಿಕೆಯ ಎರಡು ನಕ್ಷತ್ರಗಳ ಅಂಕಿ, ನಕ್ಷೆಯ ಸಂಖ್ಯೆ ತುಂಬಿ. ಬೆಳುದಿಂಗಳಿಗೂ ಊರ ದೀಪಕ್ಕೂ ‘ಬಿ’, ಮೋಡಕ್ಕೂ ಮಂಡ್ಯ ಕಡೆಯ ಕಬ್ಬಿನ ತರಗು ಸುಟ್ಟ ಹೊಗೆಗೂ ‘ಯು’, ದಿಗಂತದ ಹತ್ತಿರವಿದ್ದರೆ ‘ಎಲ್’ ಎಂಬ ಸಂಕೇತ ಹಾಕಿ. ನಕ್ಷತ್ರ ಕಾಣದಿದ್ದರೂ ಬರೆಯಿರಿ: ಕಂಡ ಅತಿ ಮಂಕು ನಕ್ಷತ್ರದ ಅಂಕಿಯ ಎಡಕ್ಕೆ < ಗುರುತು.

ಎಣಿಕೆ ಬೆಳೆಯುವಷ್ಟು ತಾಳ್ಮೆ ಇಲ್ಲದವರಿಗೆ ಅಮೆರಿಕದ ಆಸ್ಟ್ರನಾಮಿಕಲ್ ಲೀಗ್ ಸದಸ್ಯತ್ವ ಪಡೆದು ಮೆಸ್ಯೇ ಪಟ್ಟಿಯ ನೀಹಾರಿಕೆ, ನಕ್ಷತ್ರಗುಚ್ಛ, ಗೆಲಾಕ್ಸಿಗಳನ್ನು ನೋಡುವ ದಾರಿ ಇದೆ: 70 ಕಾಯಗಳಿಗೆ ಪ್ರಮಾಣಪತ್ರ, 110ಕ್ಕೆ ಅದರ ಮೇಲಿನದು. ತಾನೇ ತಿರುಗಿ ಹುಡುಕುವ ‘ಗೋ-ಟು’ ದೂರದರ್ಶಕ ಬಳಸುವಂತಿಲ್ಲ. ದುಡ್ಡು ಕೊಟ್ಟರೆ ನಕ್ಷತ್ರಕ್ಕೆ ನಿಮ್ಮ ಹೆಸರಿಡುತ್ತೇವೆ ಎನ್ನುವವರ ಕಾಗದವನ್ನು ಮಾತ್ರ ಕೊಳ್ಳಬೇಡಿ. ಅಂತರರಾಷ್ಟ್ರೀಯ ಖಗೋಳ ಒಕ್ಕೂಟ ಅದನ್ನು ಮಾನ್ಯ ಮಾಡುವುದಿಲ್ಲ.