ಓಡಾಟಕ್ಕೆ ಅಗ್ಗದ ಪುಟ್ಟ ಲ್ಯಾಪ್‌ಟಾಪ್: ಕೊಳ್ಳುವ ಮುನ್ನ ಏನೇನು ನೋಡಬೇಕು

ಬರವಣಿಗೆ, ಇಮೇಲ್, ಬ್ರೌಸರ್, ಸ್ಪ್ರೆಡ್‌ಶೀಟ್, ಆಗೀಗ ಒಂದು ವಿಡಿಯೊ ಕರೆ. ಓಡಾಟದಲ್ಲಿ ನಿಮ್ಮ ಕೆಲಸ ಇಷ್ಟೇ ಆಗಿದ್ದರೆ 11ರಿಂದ 14 ಇಂಚಿನ ಅಗ್ಗದ ಲ್ಯಾಪ್‌ಟಾಪ್ ಧಾರಾಳವಾಗಿ ಸಾಕು. ವಿಡಿಯೊ ಎಡಿಟಿಂಗ್, ದೊಡ್ಡ ಗೇಮ್‌ಗಳ ಆಸೆ ಇದ್ದರೆ ಬೇಡ. ಇಂಥ ಯಂತ್ರ ಕೈಕೊಡುವುದು ಪ್ರೊಸೆಸರ್ ನಿಧಾನವೆಂಬ ಕಾರಣಕ್ಕಿಂತ ಹೆಚ್ಚಾಗಿ, ಕೊಂಡ ಮೇಲೆ ಬದಲಾಯಿಸಲಾಗದ ರ‍್ಯಾಮ್ ಮತ್ತು ಸ್ಟೋರೇಜ್‌ನಿಂದ. ಹಾಗಾಗಿ ಮೊದಲು ನೋಡಬೇಕಾದ್ದು ಅವೆರಡನ್ನೇ.

ವಿಂಡೋಸ್ 11ಕ್ಕೆ ಅಧಿಕೃತ ಕನಿಷ್ಠ ಮಿತಿ 4 ಜಿಬಿ ರ‍್ಯಾಮ್, 64 ಜಿಬಿ ಸ್ಟೋರೇಜ್. ಅಷ್ಟರಲ್ಲಿ ಅದು ಇನ್‌ಸ್ಟಾಲ್ ಆಗುತ್ತದೆ, ಸುಖವಾಗಿ ನಡೆಯುವುದಿಲ್ಲ. ಹತ್ತಿಪ್ಪತ್ತು ಟ್ಯಾಬ್ ತೆರೆದು ವಿಡಿಯೊ ಕರೆಗೆ ಕೂತರೆ 4 ಜಿಬಿ ತುಂಬಿ ಡಿಸ್ಕ್‌ಗೆ ಬರೆಯುವುದು ಶುರುವಾಗುತ್ತದೆ, ಅಲ್ಲಿಗೆ ಎಲ್ಲವೂ ಕುಂಟುತ್ತದೆ. 8 ಜಿಬಿಗಿಂತ ಕಡಿಮೆ ಇದ್ದರೆ ಕೊಳ್ಳಬೇಡಿ. ಮುಂದೆ ಹೆಚ್ಚಿಸಬಹುದೇ ಎಂದು ತಿಳಿಯಲು ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್ ತೆರೆದು ಪರ್ಫಾರ್ಮೆನ್ಸ್‌ನಲ್ಲಿ ಮೆಮೊರಿ ಒತ್ತಿ. ಫಾರ್ಮ್ ಫ್ಯಾಕ್ಟರ್ ಎದುರು ‘ಸೋಡಿಮ್’ (SODIMM) ಎಂದಿದ್ದರೆ ಸಾಮಾನ್ಯವಾಗಿ ಸ್ಲಾಟ್ ಇರುತ್ತದೆ, ಮುಂದೆ ಹೆಚ್ಚಿಸಬಹುದು. ‘ರೋ ಆಫ್ ಚಿಪ್ಸ್’ ಎಂದಿದ್ದರೆ ಬೋರ್ಡಿಗೇ ಬೆಸುಗೆ ಹಾಕಿದ್ದಾರೆ, ಇದ್ದಷ್ಟೇ ಗತಿ.

ಸ್ಟೋರೇಜ್‌ನಲ್ಲಿ ಮೋಸ ಹೋಗುವುದು ಸುಲಭ. ವಿವರಪಟ್ಟಿಯಲ್ಲಿ ‘ಇಎಂಎಂಸಿ’ (eMMC) ಎಂಬ ಪದ ಕಂಡರೆ ಎಚ್ಚರ, ಅದು ಬೋರ್ಡಿಗೇ ಬೆಸುಗೆ ಹಾಕಿದ ಅಗ್ಗದ ಸ್ಟೋರೇಜ್ ಚಿಪ್. ಅದು ಒಂದು ಕ್ಷಣದಲ್ಲಿ ಓದಬಹುದು ಅಥವಾ ಬರೆಯಬಹುದು, ಎರಡನ್ನೂ ಒಟ್ಟಿಗೆ ಮಾಡಲಾರದು. ಹಿನ್ನೆಲೆಯಲ್ಲಿ ಅಪ್‌ಡೇಟ್ ಇಳಿಯುವಾಗ ಕರ್ಸರ್ ಕೂಡ ತಡವರಿಸುವುದಕ್ಕೆ ಇದೂ ಒಂದು ಕಾರಣ. 64 ಜಿಬಿಯ ಇಎಂಎಂಸಿ ವಿಂಡೋಸ್‌ನಲ್ಲಿ 60ಕ್ಕಿಂತ ಕಡಿಮೆಯಾಗಿ ಕಾಣಿಸುತ್ತದೆ. ಅದರಲ್ಲಿ ಸರಿಸುಮಾರು ಅರ್ಧ ವ್ಯವಸ್ಥೆಗೇ ಹೋಗುತ್ತದೆ, ದೊಡ್ಡ ಅಪ್‌ಡೇಟ್ ಬಂದಾಗ ಜಾಗ ಸಾಲದೆ ಅರ್ಧಕ್ಕೇ ನಿಲ್ಲುತ್ತದೆ. 128 ಜಿಬಿಯಾದರೂ ಇರುವ, ಎಂ.2 ಸ್ಲಾಟ್‌ನಲ್ಲಿ ಕೂತ, ಬಿಚ್ಚಿ ತೆಗೆಯಬಹುದಾದ ಎಸ್‌ಎಸ್‌ಡಿ ಡ್ರೈವ್ ಆರಿಸಿ. ಮುಂದೆ ಬದಲಾಯಿಸುವುದು ಒಂದೆರಡು ಸ್ಕ್ರೂಗಳ ಕೆಲಸ.

ಪ್ರೊಸೆಸರ್ ವಿಷಯ ಚಿಕ್ಕದು. ಇಂಟೆಲ್ ಎನ್100 ಮತ್ತು ಅದರ ಬಳಗದ ಹೆಚ್ಚಿನವು ನಾಲ್ಕು ಕೋರ್‌ಗಳವು, ಯೂಟ್ಯೂಬ್‌ನಂಥವು ಬಳಸುವ ಎವಿ1 ಮಾದರಿಯ ವಿಡಿಯೊವನ್ನು ಹಾರ್ಡ್‌ವೇರ್‌ನಲ್ಲೇ ಬಿಚ್ಚುತ್ತವೆ. ಎರಡೇ ಕೋರ್‌ಗಳ ಸೆಲೆರಾನ್ ಎನ್4020 ಬಿಟ್ಟುಬಿಡಿ, ಎಷ್ಟೇ ಅಗ್ಗವಾಗಿದ್ದರೂ.

ಬ್ಯಾಟರಿಯ ಲೆಕ್ಕ

‘ದಿನವಿಡೀ ಬರುತ್ತದೆ’ ಎಂಬ ಜಾಹೀರಾತು ನಂಬದೆ ವ್ಯಾಟ್-ಅವರ್ ಅಂಕಿ ಹುಡುಕಿ. ಅದನ್ನು ಯಂತ್ರ ಎಳೆಯುವ ವ್ಯಾಟ್‌ಗಳಿಂದ ಭಾಗಿಸಿದರೆ ಗಂಟೆಗಳು ಸಿಗುತ್ತವೆ. 38 ವ್ಯಾಟ್-ಅವರ್‌ನ ಬ್ಯಾಟರಿ, ಟೈಪಿಂಗ್ ಹೊತ್ತಿನಲ್ಲಿ 6 ವ್ಯಾಟ್ ಎಂದುಕೊಂಡರೆ ಆರು ಗಂಟೆಗಿಂತ ಸ್ವಲ್ಪ ಹೆಚ್ಚು. ವಿಡಿಯೊ ಕರೆಯಲ್ಲಿ ಅದೇ 12 ವ್ಯಾಟ್ ಆದರೆ ಮೂರೇ ಗಂಟೆ.

ಚಾರ್ಜಿಂಗ್ ಯುಎಸ್‌ಬಿ-ಸಿ ಮೂಲಕ ಆಗಲೇಬೇಕು. ಪೋರ್ಟ್ ಇದ್ದ ಮಾತ್ರಕ್ಕೆ ಚಾರ್ಜ್ ಆಗುತ್ತದೆಂದಲ್ಲ, ‘ಪವರ್ ಡೆಲಿವರಿ ಇನ್‌ಪುಟ್’ ಎಂದು ವಿವರದಲ್ಲಿ ಇದೆಯೇ ನೋಡಿ. ಪವರ್ ಬ್ಯಾಂಕ್ ಕನಿಷ್ಠ 45 ವ್ಯಾಟ್ ಕೊಡುವಂಥದ್ದಾಗಿರಲಿ. ಫೋನಿಗೆಂದು ಮಾಡಿದ 18 ವ್ಯಾಟ್‌ನವನ್ನು ಅನೇಕ ಲ್ಯಾಪ್‌ಟಾಪ್‌ಗಳು ಒಪ್ಪುವುದೇ ಇಲ್ಲ. 20,000 ಎಂಎಎಚ್ ಎಂದರೆ ಸುಮಾರು 74 ವ್ಯಾಟ್-ಅವರ್. ವೋಲ್ಟೇಜ್ ಬದಲಾಗುವಾಗಿನ ನಷ್ಟ ಕಳೆದರೆ ಮೇಲೆ ಹೇಳಿದ 38 ವ್ಯಾಟ್-ಅವರ್‌ನ ಬ್ಯಾಟರಿಗೆ ಒಂದೂವರೆ ಸಲದಷ್ಟು ಸಿಗುತ್ತದೆ. ವಿಮಾನದಲ್ಲಾದರೆ ಕೈಚೀಲದಲ್ಲೇ ಇಡಬೇಕು, ಸಾಮಾನ್ಯ ಮಿತಿ 100 ವ್ಯಾಟ್-ಅವರ್.

ಪರದೆಯ ಹೊಳಪು 250 ನಿಟ್ಸ್‌ಗಿಂತ ಕಡಿಮೆ ಇದ್ದರೆ ಕಿಟಕಿ ಪಕ್ಕ ಕೂತು ಓದುವುದು ಕಷ್ಟ. ಪರದೆಯ ಬಗೆಗಳಲ್ಲಿ ಟಿಎನ್ ಪ್ಯಾನೆಲ್‌ಗಿಂತ ಐಪಿಎಸ್ ಎಷ್ಟೋ ವಾಸಿ. ತೂಕ ನೋಡುವಾಗ ಚಾರ್ಜರನ್ನೂ ಸೇರಿಸಿ ನೋಡಿ.

ಹೊಸದೇ ಬೇಕೆಂದಿಲ್ಲ

ಅದೇ ಹಣಕ್ಕೆ ಬಳಸಿದ ಕಚೇರಿ ದರ್ಜೆಯ 12–13 ಇಂಚಿನ ಯಂತ್ರ ಸಿಗುವುದಾದರೆ ಮೊದಲು ಅದನ್ನು ನೋಡುವುದೇ ಸರಿ. ಲೆನೊವೊದ ಥಿಂಕ್‌ಪ್ಯಾಡ್ ಎಕ್ಸ್, ಡೆಲ್‌ನ ಲ್ಯಾಟಿಟ್ಯೂಡ್ 7000, ಎಚ್‌ಪಿಯ ಎಲೈಟ್‌ಬುಕ್ ಸರಣಿಗಳ ಕೀಬೋರ್ಡ್, ಹಿಂಜ್ ಎರಡೂ ಗಟ್ಟಿ. ವಿಂಡೋಸ್ 11 ಬೇಕಾದರೆ ಇಂಟೆಲ್ ಎಂಟನೇ ತಲೆಮಾರು ಅಥವಾ ನಂತರದ್ದಿರಲಿ, ಅದಕ್ಕಿಂತ ಹಳೆಯದಾದರೆ ಸಾಮಾನ್ಯವಾಗಿ ವಿಂಡೋಸ್ 10ಕ್ಕೇ ನಿಲ್ಲಬೇಕು, ಅದರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್‌ನ powercfg /batteryreport ಆಜ್ಞೆ ಕೊಡುವ ಬ್ಯಾಟರಿ ರಿಪೋರ್ಟ್‌ನಲ್ಲಿ ಈಗಿನ ಪೂರ್ಣ ಸಾಮರ್ಥ್ಯ ಮೂಲದ 70 ಶೇಕಡಕ್ಕಿಂತ ಕಡಿಮೆ ಇದ್ದರೆ ಹೊಸ ಬ್ಯಾಟರಿಯ ಖರ್ಚನ್ನೂ ಬೆಲೆಗೆ ಸೇರಿಸಿಕೊಳ್ಳಿ.

ಈಗಾಗಲೇ 4 ಜಿಬಿಯದ್ದು ಕೈಯಲ್ಲಿದ್ದರೆ ಎಸೆಯಬೇಕಿಲ್ಲ. ಸ್ಟಾರ್ಟಪ್ ಆ್ಯಪ್‌ಗಳನ್ನು ನಿಲ್ಲಿಸಿ, ಬ್ರೌಸರ್‌ನಲ್ಲಿ ಮೆಮೊರಿ ಸೇವರ್ ಹಾಕಿ, ಕಡತಗಳನ್ನು ಮೈಕ್ರೊಎಸ್‌ಡಿ ಕಾರ್ಡಿಗೆ ಸಾಗಿಸಿ. ಸಾಲದಿದ್ದರೆ ವಿಂಡೋಸ್ ಬದಲು ಲುಬುಂಟು ಅಥವಾ ಮಿಂಟ್‌ನ ಎಕ್ಸ್‌ಎಫ್‌ಸಿಇ ಆವೃತ್ತಿಯಂಥ ಹಗುರ ಲಿನಕ್ಸ್ ಹಾಕಬಹುದು. ಆದರೆ ಮೊದಲು 8 ಜಿಬಿ ಪೆನ್‌ಡ್ರೈವ್‌ನಿಂದ ಲೈವ್ ಆಗಿ, ಅಂದರೆ ಇನ್‌ಸ್ಟಾಲ್ ಮಾಡದೆಯೇ ಓಡಿಸಿ ವೈಫೈ, ಧ್ವನಿ, ಟಚ್‌ಪ್ಯಾಡ್ ಪರೀಕ್ಷಿಸಿ. ಅಗ್ಗದ ಯಂತ್ರಗಳಲ್ಲಿ ತಕರಾರು ಬರುವುದು ಈ ಮೂರರಲ್ಲೇ ಹೆಚ್ಚು.

ಹೊಸದು ಕೊಂಡಿದ್ದರೆ ಹಿಂತಿರುಗಿಸುವ ಅವಧಿ ಮುಗಿಯುವುದರೊಳಗೆ ಎಲ್ಲ ಅಪ್‌ಡೇಟ್ ಹಾಕಿಸಿ, ಪೂರ್ತಿ ಚಾರ್ಜ್ ಮಾಡಿ, ನಿಮ್ಮದೇ ನಿತ್ಯದ ಕೆಲಸವನ್ನು ಬ್ಯಾಟರಿ ಖಾಲಿಯಾಗುವವರೆಗೆ ಒಂದು ಸಲ ಮಾಡಿ ನೋಡಿ.