ಟರ್ಬೊ ಕಾರನ್ನು ಏರಿನಲ್ಲಿ ಓಡಿಸಿ ನೋಡಿ

ಹೊಸ ಟರ್ಬೊ ಕಾರು, ಅಂದರೆ ಎಂಜಿನ್ನಿಗೆ ಹೆಚ್ಚು ಗಾಳಿ ಒತ್ತಿ ತುಂಬುವ ಟರ್ಬೊ ಇರುವ ಕಾರು, ನೋಡಲು ಹೋದರೆ ಶೋರೂಮಿನವರು ಸಪಾಟಾದ, ಅಗಲ ರಸ್ತೆಗೇ ಕರೆದುಕೊಂಡು ಹೋಗುತ್ತಾರೆ. ಎಕ್ಸಲೇಟರ್ ಒತ್ತಿದ ಕೂಡಲೇ ಬೆನ್ನು ಸೀಟಿಗೆ ಅಂಟುತ್ತದೆ. ಅಷ್ಟಕ್ಕೇ ಬುಕ್ ಮಾಡಬೇಡಿ. ಅಂಥ ರಸ್ತೆಯಲ್ಲಿ ಎಲ್ಲ ಟರ್ಬೊ ಕಾರೂ ಚೆನ್ನಾಗೇ ಓಡುತ್ತವೆ.

ನಾನು ಹುಬ್ಬಳ್ಳಿಯವನು, ಪುಣೆಯ ಧನಕವಡಿಯಲ್ಲಿ ಮನೆ. ಮಾರುತಿ ಫ್ರಾಂಕ್ಸ್ ಒಂದು ಲೀಟರ್ ಟರ್ಬೊ, ಮ್ಯಾನ್ಯುವಲ್ ಗೇರಿನದು, ಓಡಿಸುತ್ತೇನೆ. ತೆಗೆದುಕೊಳ್ಳುವ ಮುಂಚೆ ಹಳೇ ಕಾತ್ರಜ್ ಘಾಟಿಗೇ ಹೋಗೋಣ ಅಂತ ಹಟ ಹಿಡಿದೆ. ಅವ್ವ, ಹೆಂಡತಿ, ಮಗ, ಶೋರೂಮಿನ ಹುಡುಗ, ಎಲ್ಲರೂ ಕೂತಿದ್ದರು. ಎಸಿ ಹಾಕಿಯೇ ಇತ್ತು. ಊರಿಗೆ ಹೋಗುವಾಗ ಕಾರು ಹಾಗೇ ತುಂಬಿರುತ್ತದೆ ಅಲ್ವಾ?

ಏರಿನಲ್ಲಿ ಹೀಗೆ ಮಾಡಿ. ಹಿಂದೆ ಯಾರೂ ಇಲ್ಲದಾಗ ಮೂರನೇ ಗೇರಿನಲ್ಲಿ ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತದೆ ಅಂತ ತೋರಿಸುವ ಮುಳ್ಳು 1500 ಆರ್‌ಪಿಎಂ ಹತ್ತಿರ ಇಳಿಯಲಿ. ಆಮೇಲೆ ಎಕ್ಸಲೇಟರ್ ಅರ್ಧ ಒತ್ತಿ, ಮನಸ್ಸಿನಲ್ಲೇ ಎಣಿಸಿ. ಎಳೆತ ಬರಲು ಎಷ್ಟು ಹೊತ್ತಾಯಿತು? ಅದು ನಿಧಾನಕ್ಕೆ ಏರಿತೋ, ಒಮ್ಮೆಲೇ ನೂಕಿತೋ? ಅದೇ ಏರಿನಲ್ಲಿ ಎರಡನೇ ಗೇರಿಗೆ ಹಾಕಿ ಇನ್ನೊಮ್ಮೆ ನೋಡಿ. ವ್ಯತ್ಯಾಸ ಕಾಲಿಗೇ ಗೊತ್ತಾಗುತ್ತದೆ.

ಟರ್ಬೊ ತಿರುಗುವುದು ಎಂಜಿನ್ ಹೊರಗೆ ಬಿಡುವ ಹೊಗೆಯ ರಭಸದಿಂದ. ಮುಳ್ಳು ಕೆಳಗಿದ್ದರೆ ಹೊಗೆ ಕಡಿಮೆ, ಟರ್ಬೊ ಎದ್ದೇಳಲು ಹೊತ್ತು ಬೇಕು. ಟರ್ಬೊ ಲ್ಯಾಗ್ ಅನ್ನುವುದು ಇದನ್ನೇ. ನನ್ನ ಕಾರಿನ ಪೂರ್ತಿ ಟಾರ್ಕ್, ಅಂದರೆ ಎಂಜಿನ್ನಿನ ತಿರುಗಿಸುವ ಬಲ, 147.6 ನ್ಯೂಟನ್ ಮೀಟರ್. ಅದು 2000ದಿಂದ 4500 ಆರ್‌ಪಿಎಂ ತನಕ ಸಿಗುತ್ತದೆ. ಇದೇ ಕಾರಿನ ಟರ್ಬೊ ಇಲ್ಲದ 1.2 ಲೀಟರ್ ಎಂಜಿನ್ 113 ಕೊಡುತ್ತದೆ, ಅದೂ 4400ಕ್ಕೆ. ಹಾಗಾಗಿ ನನ್ನ ಕಾರಿನ ಶಕ್ತಿ 100 ಪಿಎಸ್ (ಅಶ್ವಶಕ್ತಿಯ ಅಳತೆ) ಅನ್ನುವ ಅಂಕಿಗಿಂತ ಈ 2000 ನನಗೆ ಮುಖ್ಯ. ನೀವೂ ಬ್ರೋಷರಿನಲ್ಲಿ ಮೊದಲು ಅದನ್ನೇ ಹುಡುಕಿ.

ಪೇಟೆಯ ಪರೀಕ್ಷೆಗೆ ಪುಣೆಯಲ್ಲಿ ಸ್ವಾರಗೇಟಿನಿಂದ ಕಾತ್ರಜ್ ತನಕದ ಸಿಗ್ನಲ್‌ಗಳು ಸಾಕು. ಕ್ಲಚ್ ಭಾರ ಇದ್ದರೆ ಅಷ್ಟರಲ್ಲೇ ಮೊಣಕಾಲು ಹೇಳುತ್ತದೆ.

ಇನ್ನು ಓಡಿಸುವ ಮಾತು. ಪುಣೆಯಿಂದ ಸಾತಾರಾ ಕಡೆ ಹೋಗುವಾಗ ಖಂಬಾಟ್ಕಿ ಘಾಟ್ ಹತ್ತುತ್ತಿದ್ದೀರಿ ಅಂದುಕೊಳ್ಳಿ. ಮುಂದೆ ಲಾರಿ ತೆವಳುತ್ತಿರುತ್ತದೆ. ಅದರ ಹಿಂದೆ ನಾಲ್ಕನೇ ಗೇರಿನಲ್ಲೇ ಉಳಿದು, ಜಾಗ ಕಂಡ ಕೂಡಲೇ ಪಕ್ಕಕ್ಕೆ ಹೊರಟರೆ ಕಾರು ಏಳುವುದೇ ಇಲ್ಲ. ನಾನು ಒಮ್ಮೆ ಹಾಗೆ ಮಾಡಿ, ಹಿಂದಿನಿಂದ ಬಸ್ಸಿನ ಹಾರ್ನ್ ಕೇಳಿ ಎದೆ ನಡುಗಿತ್ತು. ಮೊದಲು ಗೇರ್ ಇಳಿಸಿ. ಮುಳ್ಳು 2000 ದಾಟಲಿ. ಆಮೇಲೆ ಇಂಡಿಕೇಟರ್ ಹಾಕಿ, ಕನ್ನಡಿ ನೋಡಿ ಹೊರಡಿ. ಟರ್ಬೊ ಆಗಲೇ ಎದ್ದಿರುತ್ತದೆ, ಕಾರು ಸಲೀಸಾಗಿ ದಾಟುತ್ತದೆ. ಆ ಎಳೆತದ ಖುಷಿ ನನಗೆ ಇವತ್ತಿಗೂ ಕಡಿಮೆಯಾಗಿಲ್ಲ.

ಐದನೇ ಗೇರಿನಲ್ಲಿ 1300ಕ್ಕೆ ಪೂರ್ತಿ ಎಕ್ಸಲೇಟರ್ ಒತ್ತುವ ಅಭ್ಯಾಸ ಇದ್ದರೆ ಬಿಟ್ಟುಬಿಡಿ. ಡೈರೆಕ್ಟ್ ಇಂಜೆಕ್ಷನ್ (ಪೆಟ್ರೋಲನ್ನು ನೇರ ಸಿಲಿಂಡರಿನೊಳಗೇ ಚಿಮ್ಮಿಸುವ) ಟರ್ಬೊ ಎಂಜಿನ್‌ಗಳಲ್ಲಿ ಹಾಗೆ ಮಾಡಿದರೆ ಪೆಟ್ರೋಲ್ ಹೊತ್ತಿಗೆ ಮುಂಚೆಯೇ ಹೊತ್ತಿಕೊಂಡು ಪಿಸ್ಟನ್ ಹಾಳಾಗಬಹುದು. ಎಂಜಿನ್ ಆಯಿಲ್ ಮಾತ್ರ ಕಾರಿನ ಮ್ಯಾನ್ಯುವಲ್ ಪುಸ್ತಕದಲ್ಲಿ ಹೇಳಿದ ದರ್ಜೆಯದೇ ಇರಲಿ.

ಘಾಟ್ ಹತ್ತಿದ ಕೂಡಲೇ ಚಹಾಕ್ಕೆ ನಿಲ್ಲಿಸಿದರೆ ಎಂಜಿನ್ ಆಗಲೇ ಬಂದ್ ಮಾಡಬೇಡಿ. ಬಿಸಿಯಾದ ಟರ್ಬೊಗೆ ಆಯಿಲ್ ಹರಿಯುತ್ತಾ ಒಂದು ನಿಮಿಷ ಸುಮ್ನೆ ಓಡಲಿ. ಅಷ್ಟರಲ್ಲಿ ನಮ್ಮವ್ವ ಇಳಿದು ಕಾಲು ಸಡಿಲ ಮಾಡಿಕೊಂಡಿರುತ್ತಾಳೆ.